ಕರೆಂಟ್ ಲೈನ್ ಇಲ್ಲದ ಕೆರೆ ದಡದಲ್ಲಿ ಬೋಟ್ ಲಿಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆ ನಿಂತ ಕನ್ನಡದವರಲ್ಲಿ ಕೆಲವರು ಕೆರೆ ಪಕ್ಕ ಒಂದು ಪುಟ್ಟ ಕ್ಯಾಬಿನ್ ಮಾಡಿಕೊಂಡಿದ್ದಾರೆ. ಕ್ಯಾಬಿನ್ ಆದ ಮೇಲೆ ದೋಣಿ, ದೋಣಿ ಆದ ಮೇಲೆ ಬೋಟ್ ಲಿಫ್ಟ್. ಅಲ್ಲಿಗೆ ಪ್ರಶ್ನೆ ಶುರುವಾಗುತ್ತದೆ. ಮನೆ ಗುಡ್ಡದ ಮೇಲೆ, ದಡ ಕೆಳಗೆ, ದಡದಲ್ಲಿ ಕರೆಂಟ್ ಇಲ್ಲ. ಮೋಟಾರ್ ಹೇಗೆ ತಿರುಗಬೇಕು? ನಮ್ಮ ದಡದಲ್ಲೂ ಲೈನ್ ಇಲ್ಲ, ಲಿಫ್ಟ್ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಗೆಳೆಯರು ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಬೋಟ್ ಲಿಫ್ಟ್ ಅಂದರೆ ಏನು? ದೋಣಿಯನ್ನು ಡಾಕ್‌ಗೆ ಕಟ್ಟಿ ಹಾಕಿದರೆ ಸಾಲದಾ?

ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು. ಕೆರೆಯ ತಳದ ಮೇಲೆ ನಿಂತಿರುತ್ತದೆ. ಮಧ್ಯೆ ಒಂದು ತೊಟ್ಟಿಲಿನಂಥ ಭಾಗ, ಅದರ ಮೇಲೆ ದೋಣಿ ಬಂದು ಕೂರುತ್ತದೆ. ವಿಂಚ್ ಎಂಬ ಹಗ್ಗ ಸುತ್ತುವ ಉರುಳೆಯನ್ನು ತಿರುಗಿಸಿದರೆ ಉಕ್ಕಿನ ಹಗ್ಗ, ಅಂದರೆ ಕೇಬಲ್, ಸುತ್ತಿಕೊಂಡು ದೋಣಿ ನೀರಿನಿಂದ ಮೇಲೆ ಬರುತ್ತದೆ. ಕೇಬಲ್ ಬದಲು ದ್ರವದ ಒತ್ತಡದಿಂದ ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಇರುವ ಲಿಫ್ಟ್‌ಗಳೂ ಇವೆ.

ಡಾಕ್ ಅಂದರೆ ದಡದಿಂದ ನೀರಿಗೆ ಚಾಚಿದ ಹಲಗೆಯ ಕಟ್ಟೆ. ಅದಕ್ಕೆ ಕಟ್ಟಿ ಹಾಕಿದರೂ ನಡೆಯುತ್ತದೆ, ಗಾಳಿ ಇಲ್ಲದ ದಿನ. ಗಾಳಿ ಎದ್ದ ರಾತ್ರಿ ದೋಣಿ ಡಾಕ್‌ಗೆ ಬಡಿಯುತ್ತಲೇ ಇರುತ್ತದೆ. ನೀರಲ್ಲೇ ಇದ್ದರೆ ತಳಕ್ಕೆ ಪಾಚಿ ಹಿಡಿಯುತ್ತದೆ. ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪು ಇರುವ ಕೆರೆಗಳಲ್ಲಿ ಅದೂ ಬಂದು ಅಂಟಿಕೊಳ್ಳುತ್ತದೆ.

ಬರೀ ಬ್ಯಾಟರಿ, ಸೋಲಾರ್ ಪ್ಯಾನೆಲ್ ಇಟ್ಟುಕೊಂಡು ಅಷ್ಟು ಭಾರದ ದೋಣಿ ಎತ್ತೋದು ನಿಜವಾಗಿ ಆಗುತ್ತಾ?

ಆಗುತ್ತದೆ. ಧಾರಾಳವಾಗಿ ಆಗುತ್ತದೆ. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ಈ ಲೆಕ್ಕ ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವೇ ಕರಗುತ್ತವೆ.

ನಿಮ್ಮ ಪಾಂಟೂನ್ ದೋಣಿ (ಉದ್ದ ಕೊಳವೆಗಳ ಮೇಲೆ ತೇಲುವ ಚಪ್ಪಟೆ ದೋಣಿ) 3,000 ಪೌಂಡ್ ಅಂದುಕೊಳ್ಳಿ. ಅಂದರೆ ಸುಮಾರು 1,360 ಕೆಜಿ. ಅದನ್ನು 4 ಅಡಿ, ಅಂದರೆ 1.2 ಮೀಟರ್ ಎತ್ತಬೇಕು. ಭಾರ, ಎತ್ತರ, ಗುರುತ್ವ ಮೂರನ್ನೂ ಗುಣಿಸಿದರೆ 16,000 ಜೂಲ್ ಬರುತ್ತದೆ. ಕೇಳಲು ದೊಡ್ಡದು. ವ್ಯಾಟ್ ಅವರ್‌ಗೆ ಬದಲಾಯಿಸಿದರೆ ಬರೀ 4.5! ಗೇರ್, ರಾಟೆ, ಕೇಬಲ್ ಇವುಗಳ ತಿಕ್ಕಾಟದಲ್ಲಿ ಬಹಳಷ್ಟು ಹೋಗುತ್ತದೆ, ತೊಟ್ಟಿಲಿನ ಭಾರವೂ ಸೇರುತ್ತದೆ. ಎಲ್ಲ ಸೇರಿಸಿ ನಾಲ್ಕು ಪಟ್ಟಿಗಿಂತ ಜಾಸ್ತಿ ಇಟ್ಟರೂ 20 ವ್ಯಾಟ್ ಅವರ್. ಕರೆಂಟ್ ಬಿಲ್ಲಿನಲ್ಲಿ ಬರುವ 1 ಯೂನಿಟ್ ಅಂದರೆ 1,000 ವ್ಯಾಟ್ ಅವರ್. ಒಂದು ಯೂನಿಟ್‌ನಲ್ಲಿ ಅದೇ ದೋಣಿಯನ್ನು 50 ಸಲ ಎತ್ತಬಹುದು.

ಹಾಗಾದರೆ ಕಷ್ಟ ಎಲ್ಲಿದೆ? ಆ 20 ವ್ಯಾಟ್ ಅವರ್ ಅನ್ನು ಒಂದೂವರೆ, ಎರಡು ನಿಮಿಷದಲ್ಲೇ ಕೊಡಬೇಕು. 24 ವೋಲ್ಟ್ ಮೋಟಾರ್ 30 ಆಂಪ್ ಎಳೆಯಿತು ಅಂದರೆ ಅದು 720 ವ್ಯಾಟ್, ಹತ್ತಿರ ಹತ್ತಿರ 1 ಅಶ್ವಶಕ್ತಿ. ಯಾವ ಸಣ್ಣ ಪ್ಯಾನೆಲ್ಲೂ ಅಷ್ಟನ್ನು ನೇರವಾಗಿ ಕೊಡಲಾರದು. ಬ್ಯಾಟರಿ ಕೊಡುತ್ತದೆ. ಪ್ಯಾನೆಲ್ ದಿನವಿಡೀ ನಿಧಾನವಾಗಿ ತುಂಬುತ್ತದೆ, ಬ್ಯಾಟರಿ ಎರಡು ನಿಮಿಷ ಜೋರಾಗಿ ಸುರಿಯುತ್ತದೆ.

ಇಲ್ಲಿಂದ ಬರುವ ಮಾತು ಒಂದೇ: ದುಡ್ಡನ್ನು ಬ್ಯಾಟರಿಗೆ ಮತ್ತು ದಪ್ಪ ತಂತಿಗೆ ಹಾಕಿ, ಪ್ಯಾನೆಲ್‌ಗೆ ಅಲ್ಲ. ಬಹಳ ಜನ ತಿರುಗಾ ಮುರುಗಾ ಮಾಡುತ್ತಾರೆ. ದೊಡ್ಡ ಪ್ಯಾನೆಲ್ ತಂದು, ತೆಳು ತಂತಿ ಎಳೆದು, ಹಳೆ ಕಾರಿನ ಬ್ಯಾಟರಿ ಇಟ್ಟು, ಆಮೇಲೆ ಸೋಲಾರ್ ಸಾಕಾಗಲ್ಲ ಅನ್ನುತ್ತಾರೆ. ಅಲ್ಲಿ ಸೋತಿದ್ದು ಸೋಲಾರ್ ಅಲ್ಲ.

12 ವೋಲ್ಟ್ ಮೋಟಾರ್ ತಗೊಳ್ಳೋದಾ, 24 ವೋಲ್ಟ್‌ದಾ?

ಸಣ್ಣ ಮೀನು ದೋಣಿ, ಜೆಟ್ ಸ್ಕೀ ಆದರೆ 12 ಸಾಕು. ಪಾಂಟೂನ್ ಅಥವಾ ಅದಕ್ಕಿಂತ ಭಾರದ್ದಾದರೆ ಕಣ್ಣು ಮುಚ್ಚಿಕೊಂಡು 24 ತಗೊಳ್ಳಿ.

ಕಾರಣ ತಂತಿ. ಅದೇ ಕೆಲಸಕ್ಕೆ 24 ವೋಲ್ಟ್‌ನಲ್ಲಿ 30 ಆಂಪ್ ಬೇಕಾದರೆ 12 ವೋಲ್ಟ್‌ನಲ್ಲಿ 60 ಆಂಪ್ ಬೇಕು. ಬ್ಯಾಟರಿಯಿಂದ ಮೋಟಾರಿಗೆ 50 ಅಡಿ ದೂರ ಇದೆ, 6 ಗೇಜ್ ದಪ್ಪದ ತಾಮ್ರದ ತಂತಿ ಹಾಕಿದ್ದೀರಿ ಅನ್ನಿ. ಹೋಗಿ ಬರುವ ದಾರಿ 100 ಅಡಿ. 24 ವೋಲ್ಟ್‌ನಲ್ಲಿ ದಾರಿಯಲ್ಲೇ ಕಳೆದುಹೋಗುವುದು 1.2 ವೋಲ್ಟ್, ನೂರಕ್ಕೆ 5. ಪರವಾಗಿಲ್ಲ. ಅದೇ ತಂತಿಯಲ್ಲಿ 12 ವೋಲ್ಟ್ ಆದರೆ 2.4 ವೋಲ್ಟ್ ಹೋಗುತ್ತದೆ, ನೂರಕ್ಕೆ 20! ಮೋಟಾರಿಗೆ ಸಿಗುವುದು 10 ವೋಲ್ಟ್‌ಗಿಂತ ಕಡಿಮೆ. ಅದು ನರಳುತ್ತಾ ತಿರುಗುತ್ತದೆ, ಬಿಸಿಯಾಗುತ್ತದೆ. ತಂತಿಯೂ ಬಿಸಿಯಾಗುತ್ತದೆ.

ಇನ್ನೂ ಒಳ್ಳೆಯ ದಾರಿ ಅಂದರೆ ಬ್ಯಾಟರಿಯನ್ನೇ ಲಿಫ್ಟ್ ಹತ್ತಿರ ತರುವುದು. ಡಾಕ್ ಮೇಲೆ ಒಂದು ಪೆಟ್ಟಿಗೆಯಲ್ಲಿ ಇಟ್ಟರೆ ತಂತಿ 10 ಅಡಿಯಲ್ಲೇ ಮುಗಿಯುತ್ತದೆ. ಪ್ಯಾನೆಲ್‌ನಿಂದ ಬರುವ ತಂತಿ ಬೇಕಾದರೆ ಉದ್ದ ಇರಲಿ, ಅದರಲ್ಲಿ ಹರಿಯುವುದು ಒಂದೆರಡು ಆಂಪ್ ಮಾತ್ರ.

ಒಂದು ಎಚ್ಚರಿಕೆ. ಹೈಡ್ರಾಲಿಕ್ ಲಿಫ್ಟ್ ಆದರೆ ಪಂಪ್ ಇದಕ್ಕಿಂತ ಎಷ್ಟೋ ಜಾಸ್ತಿ ಆಂಪ್ ಎಳೆಯಬಹುದು. ಅದರ ಮೇಲಿನ ಪ್ಲೇಟ್ ಓದಿ, ಅದರ ಪ್ರಕಾರವೇ ತಂತಿ ಹಾಕಿ.

ಯಾವ ಬ್ಯಾಟರಿ?

ಡೀಪ್ ಸೈಕಲ್ ಬ್ಯಾಟರಿ. ಕಾರಿನದ್ದು ಬೇಡ. ಕಾರಿನ ಬ್ಯಾಟರಿ ಕೆಲವು ಸೆಕೆಂಡ್ ಜೋರಾಗಿ ಕೊಟ್ಟು ಕೂಡಲೇ ತುಂಬಿಕೊಳ್ಳಲಿ ಅಂತ ಮಾಡಿದ್ದು. ಅದನ್ನು ಮತ್ತೆ ಮತ್ತೆ ಆಳಕ್ಕೆ ಇಳಿಸಿದರೆ ಬೇಗ ಸಾಯುತ್ತದೆ.

24 ವೋಲ್ಟ್ ಬೇಕಾದರೆ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ, ಅಂದರೆ ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್ ಸೇರುವ ಹಾಗೆ ಜೋಡಿಸಬೇಕು. ಎರಡೂ ಒಂದೇ ಕಂಪನಿಯದು, ಒಂದೇ ಅಳತೆಯದು, ಒಂದೇ ದಿನ ಕೊಂಡದ್ದು ಆಗಿರಲಿ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. 100 ಆಂಪ್ ಅವರ್‌ನ ಎರಡು ಇಟ್ಟರೆ ಒಟ್ಟು 2,400 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಹಾಗಾಗಿ ಬಳಸಲು ಸಿಗುವುದು 1,200. ಒಂದು ಸಲ ಎತ್ತಿ ಇಳಿಸಲು 30 ವ್ಯಾಟ್ ಅವರ್ ಇಟ್ಟುಕೊಂಡರೂ ಬಿಸಿಲೇ ಬಾರದೆ 40 ಸಲ ನಡೆಯುತ್ತದೆ. ಇಡೀ ವಾರ ಮೋಡ ಕವಿದರೂ ಚಿಂತೆ ಇಲ್ಲ.

ನೀರು ಹಾಕುವ ಮಾಮೂಲಿ ಬ್ಯಾಟರಿ ಅಗ್ಗ. ಆದರೆ ಡಾಕ್ ಮೇಲೆ ಇಟ್ಟು ಮರೆತುಬಿಡುವ ಜಾಗದಲ್ಲಿ ನೀರು ನೋಡುವವರು ಯಾರು? ನಾನು ಲೆಡ್ ಆಸಿಡ್‌ನದೇ ಇನ್ನೊಂದು ಬಗೆ, ಎಜಿಎಂ ಬ್ಯಾಟರಿಯನ್ನೇ ಹೇಳುತ್ತೇನೆ. ಮುಚ್ಚಿದ್ದು, ಚೆಲ್ಲುವುದಿಲ್ಲ, ನೀರು ಕೇಳುವುದಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಬಾಳಿಕೆ ಜಾಸ್ತಿ, ತುಂಬಾ ಆಳಕ್ಕೆ ಇಳಿಸಬಹುದು. ಗುಡ್ಡ ಇಳಿದು ಬ್ಯಾಟರಿ ಹೊತ್ತುಕೊಂಡು ಹೋಗುವವರಿಗೆ ಆ ಹಗುರದ ಬೆಲೆ ಗೊತ್ತು. ಆದರೆ ಮೂರು ವಿಷಯ ನೋಡಿಕೊಳ್ಳಿ. ಅದರೊಳಗಿನ ಎಲೆಕ್ಟ್ರಾನಿಕ್ಸ್‌ಗೆ ಒಂದು ಆಂಪ್ ಮಿತಿ ಇರುತ್ತದೆ, ಮೋಟಾರ್ ಅದನ್ನು ದಾಟಿದರೆ ಬ್ಯಾಟರಿ ತಾನೇ ಆಫ್ ಆಗಿ ದೋಣಿ ನಡುವೆ ನಿಲ್ಲುತ್ತದೆ. ಎರಡನ್ನು ಸರಣಿಯಲ್ಲಿ ಹಾಕಬಹುದು ಅಂತ ಕಂಪನಿಯೇ ಬರೆದಿರಬೇಕು, ಎಲ್ಲದರಲ್ಲೂ ಹಾಗೆ ಮಾಡುವಂತಿಲ್ಲ. ಮತ್ತೆ, 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಅಕ್ಟೋಬರ್ ಬೆಳಗ್ಗೆಗಳಲ್ಲಿ ಇಲ್ಲಿ ಅದು ಮಾಮೂಲಿ ಚಳಿ ಅಲ್ವಾ?

24 ವೋಲ್ಟ್ ಜೋಡಿಯಲ್ಲಿ ಒಂದೇ ಬ್ಯಾಟರಿಯಿಂದ ಡಾಕ್ ಲೈಟಿಗೆ 12 ವೋಲ್ಟ್ ತೆಗೆಯಬಹುದಾ?

ಬೇಡ. ಆ ಒಂದು ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಖಾಲಿಯಾಗುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಚಾರ್ಜ್ ಕಂಟ್ರೋಲರ್‌ಗೆ ಕಾಣುವುದು ಎರಡರ ವೋಲ್ಟ್ ಮೊತ್ತ ಮಾತ್ರ. ಹಾಗಾಗಿ ಒಂದು ಎಂದೂ ಪೂರ್ತಿ ತುಂಬುವುದಿಲ್ಲ, ಇನ್ನೊಂದು ಅತಿಯಾಗಿ ತುಂಬುತ್ತದೆ. 24ರಿಂದ 12ಕ್ಕೆ ಇಳಿಸುವ ಪುಟ್ಟ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿ.

ಪ್ಯಾನೆಲ್ ಎಷ್ಟು ವ್ಯಾಟ್ ಬೇಕು? ಎಲ್ಲಿ ಕೂರಿಸಬೇಕು?

ಜುಲೈ ತಿಂಗಳಲ್ಲಿ ಇಲ್ಲಿ ದಿನಕ್ಕೆ ಸುಮಾರು 5 ಗಂಟೆ ಪೂರ್ತಿ ಬಿಸಿಲಿಗೆ ಸಮನಾದಷ್ಟು ಸಿಗುತ್ತದೆ. 20 ವ್ಯಾಟ್ ಪ್ಯಾನೆಲ್ ನಷ್ಟ ಎಲ್ಲ ಕಳೆದು ದಿನಕ್ಕೆ 65 ವ್ಯಾಟ್ ಅವರ್ ಕೊಡುತ್ತದೆ, ಎರಡು ಸಲ ಎತ್ತಿ ಇಳಿಸಲು ಸಾಕು. ಶನಿವಾರ ಭಾನುವಾರ ಮಾತ್ರ ಬರುವವರಿಗೆ ಅದೇ ಜಾಸ್ತಿ. ಮೋಡ, ಧೂಳು, ಹಕ್ಕಿ ಹಿಕ್ಕೆ ಎಲ್ಲಕ್ಕೂ ಸೇರಿಸಿ 40 ವ್ಯಾಟ್ ಹಾಕಿಸಿ. 24 ವೋಲ್ಟ್ ಜೋಡಿಗೆ 12 ವೋಲ್ಟ್‌ನ 20 ವ್ಯಾಟ್ ಪ್ಯಾನೆಲ್ ಎರಡನ್ನು ಸರಣಿಯಲ್ಲಿ ಹಾಕಿದರೆ ಸರಿಹೋಗುತ್ತದೆ.

ಮುಖ ದಕ್ಷಿಣಕ್ಕೆ ಇರಲಿ. ಮಿನಿಯಾಪೊಲಿಸ್ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಸಿಗೆಗೆ ಮಾತ್ರ ಅಂದರೆ 30 ಡಿಗ್ರಿ ಓರೆ, ಅಕ್ಟೋಬರ್‌ವರೆಗೂ ಅಂದರೆ 45 ಡಿಗ್ರಿ.

ಮರದ ನೆರಳಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಕ್ಯಾಬಿನ್ ಕೆರೆಯ ದಕ್ಷಿಣ ದಡದಲ್ಲಿದ್ದರೆ ಡಾಕ್ ಉತ್ತರಕ್ಕೆ ಚಾಚಿರುತ್ತದೆ, ಬೆನ್ನ ಹಿಂದೆ ಪೈನ್ ಮರಗಳು. 20 ಮೀಟರ್ ಎತ್ತರದ ಮರ ಅನ್ನಿ. ಜೂನ್ ಕೊನೆಯಲ್ಲಿ ನಡು ಮಧ್ಯಾಹ್ನ ಸೂರ್ಯ 68 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು 8 ಮೀಟರ್ ಮಾತ್ರ. ಸೆಪ್ಟೆಂಬರ್ ಕೊನೆಗೆ ಸೂರ್ಯ 45 ಡಿಗ್ರಿಗೆ ಇಳಿಯುತ್ತಾನೆ, ನೆರಳು 20 ಮೀಟರ್. ಅಕ್ಟೋಬರ್ ಮಧ್ಯಕ್ಕೆ 27 ಮೀಟರ್. ಜೂನ್‌ನಲ್ಲಿ ನೋಡಿ ಇಲ್ಲಿ ಒಳ್ಳೆ ಬಿಸಿಲಿದೆ ಅಂತ ಕೂರಿಸಿದ ಪ್ಯಾನೆಲ್ ಸೆಪ್ಟೆಂಬರ್‌ನಲ್ಲಿ ಪೂರ್ತಿ ನೆರಳಿಗೆ ಬೀಳುತ್ತದೆ. ಆದ್ದರಿಂದ ಅದನ್ನು ದಡದಲ್ಲಿ ನೆಡಬೇಡಿ. ಲಿಫ್ಟ್‌ನ ಕಂಬಕ್ಕೆ ಅಥವಾ ಡಾಕ್‌ನ ತುದಿಗೆ ಕಟ್ಟಿ. ಲಿಫ್ಟ್ ಮೇಲಿನ ಬಟ್ಟೆಯ ಮಾಡು ನೆರಳು ಕೊಡದ ಹಾಗೆ ನೋಡಿಕೊಳ್ಳಿ. ಪ್ಯಾನೆಲ್‌ನ ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್‌ನ ಕರೆಂಟ್ ಕುಸಿಯುತ್ತದೆ.

ಕಡಲಕಾಗೆಗಳಿಗೆ ಕಂಬದ ತುದಿ ಅಂದರೆ ಬಲು ಇಷ್ಟ. ಬಂದಾಗಲೆಲ್ಲ ಪ್ಯಾನೆಲ್‌ಗೆ ಒಂದು ಬಕೆಟ್ ನೀರು ಹಾಕಿ ಒರೆಸಿ.

ಚಾರ್ಜ್ ಕಂಟ್ರೋಲರ್ ಬೇಕೇ ಬೇಕಾ?

ಬೇಕು. 12 ವೋಲ್ಟ್ ಪ್ಯಾನೆಲ್ ಅಂತ ಕರೆಯುವುದು ಬಿಸಿಲಲ್ಲಿ 18ರಿಂದ 22 ವೋಲ್ಟ್‌ವರೆಗೂ ಏರುತ್ತದೆ. ಕಂಟ್ರೋಲರ್ ಇಲ್ಲದಿದ್ದರೆ ವಾರದ ದಿನಗಳಲ್ಲಿ ಯಾರೂ ಇಲ್ಲದಾಗ ಬ್ಯಾಟರಿ ಕುದಿಯುತ್ತಿರುತ್ತದೆ. ಇಷ್ಟು ಸಣ್ಣ ಪ್ಯಾನೆಲ್‌ಗೆ ಪಿಡಬ್ಲ್ಯೂಎಂ ಎಂಬ ಅಗ್ಗದ ಬಗೆಯ ಕಂಟ್ರೋಲರ್ ಸಾಕು, ಎಂಪಿಪಿಟಿ ಎಂಬ ದುಬಾರಿ ಬಗೆಗೆ ದುಡ್ಡು ಸುರಿಯಬೇಡಿ. ನಿಮ್ಮ ಬ್ಯಾಟರಿ ಯಾವ ಬಗೆಯದು ಅಂತ ಅದರಲ್ಲಿ ಸರಿಯಾಗಿ ಆರಿಸಿ.

ರಿಮೋಟ್ ಹಾಕಿಸಿದರೆ ತೊಂದರೆ ಇದೆಯಾ?

ತೊಂದರೆ ಇಲ್ಲ, ಆದರೆ ಅದೂ ಸುಮ್ನೆ ಕೂರುವುದಿಲ್ಲ. ರಿಸೀವರ್ ಹಗಲು ರಾತ್ರಿ ಎಚ್ಚರವಾಗಿರುತ್ತದೆ. ಅದು 50 ಮಿಲಿಆಂಪ್ ಎಳೆಯುವಂಥದ್ದಾದರೆ 24 ವೋಲ್ಟ್‌ನಲ್ಲಿ ದಿನಕ್ಕೆ 29 ವ್ಯಾಟ್ ಅವರ್ ಆಗುತ್ತದೆ. ಅಂದರೆ ದೋಣಿಯನ್ನು ದಿನಾ ಒಂದು ಸಲ ಎತ್ತಿ ಇಳಿಸಿದಷ್ಟು ಖರ್ಚು, ನೀವು ಕ್ಯಾಬಿನ್ ಕಡೆ ತಲೆ ಹಾಕದಿದ್ದರೂ! ಬ್ಯಾಟರಿ ಪಕ್ಕ ಒಂದು ಮೇನ್ ಸ್ವಿಚ್ ಇಟ್ಟು, ಹೊರಡುವಾಗ ಆಫ್ ಮಾಡಿ. ಮಕ್ಕಳು ಆಡುತ್ತಾ ಗುಂಡಿ ಒತ್ತುವ ಭಯವೂ ತಪ್ಪುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವ ದಾರಿ ಮಾತ್ರ ಆ ಸ್ವಿಚ್‌ಗೆ ಸೇರದಿರಲಿ, ಆಫ್ ಮಾಡಿದರೂ ಚಾರ್ಜ್ ಆಗುತ್ತಲೇ ಇರುತ್ತದೆ.

ಲಿಫ್ಟ್ ಜೊತೆ 120 ವೋಲ್ಟ್ ಮೋಟಾರ್ ಬಂದಿದೆ. ಇನ್ವರ್ಟರ್ ಹಾಕಿ ನಡೆಸಬಹುದಾ?

ಕಾಗದದ ಮೇಲೆ ನಡೆಯುತ್ತದೆ. 1 ಅಶ್ವಶಕ್ತಿಯ 120 ವೋಲ್ಟ್ ಮೋಟಾರ್ ತಿರುಗುವಾಗ ಸುಮಾರು 16 ಆಂಪ್ ಎಳೆಯುತ್ತದೆ, 1,900 ವ್ಯಾಟ್. ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಆ ಕ್ಷಣ ತಡೆಯುವ ಇನ್ವರ್ಟರ್ ದೊಡ್ಡದು, ದುಬಾರಿ. 12 ವೋಲ್ಟ್ ಬ್ಯಾಟರಿಯಿಂದ ಅದು ಮಾಮೂಲಿಯಾಗಿ ತಿರುಗಲೇ 160 ಆಂಪ್ ಬೇಕು. ಇಷ್ಟೆಲ್ಲ ಮಾಡಿ ನೀರಿನ ಮೇಲೆ 120 ವೋಲ್ಟ್ ತಂದು ಕೂರಿಸಿದ ಹಾಗಾಯಿತು. ಆ ಮೋಟಾರ್ ಮಾರಿ, ಡಿಸಿ ಮೋಟಾರ್ ತಗೊಳ್ಳಿ.

ಜನರೇಟರ್?

ಮೇಲಿನ ಕಾರಣಕ್ಕೇ 2,000 ವ್ಯಾಟ್‌ನ ಪುಟ್ಟ ಜನರೇಟರ್ ಮೋಟಾರನ್ನು ಶುರು ಮಾಡಲಾರದೆ ಟ್ರಿಪ್ ಆಗಬಹುದು. ದೊಡ್ಡದಾದರೆ ಎರಡು ನಿಮಿಷದ ಕೆಲಸಕ್ಕೆ ಗುಡ್ಡ ಇಳಿಸಿ, ಪೆಟ್ರೋಲ್ ತುಂಬಿ, ಹಗ್ಗ ಎಳೆಯಬೇಕು. ನೀರಿನ ಮೇಲೆ ಶಬ್ದ ಬಹಳ ದೂರ ಹೋಗುತ್ತದೆ, ಎದುರು ದಡದವರಿಗೂ ಕೇಳುತ್ತದೆ. ಲಿಫ್ಟ್ ಮಾಡಿನ ಕೆಳಗೆ ಮಾತ್ರ ಎಂದೂ ನಡೆಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಮನೆಯಿಂದ ಒಂದು ಉದ್ದ ಎಕ್ಸ್‌ಟೆನ್ಷನ್ ಕೇಬಲ್ ಎಳೆದರೆ ಆಯಿತಲ್ಲ?

ದಯವಿಟ್ಟು ಬೇಡ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಸಿಹಿನೀರು ಕರೆಂಟನ್ನು ಅಷ್ಟು ಚೆನ್ನಾಗಿ ಹರಿಸುವುದಿಲ್ಲ. ನಮ್ಮ ಮೈಯೊಳಗೆ ಉಪ್ಪಿನಂಶ ಇರುವುದರಿಂದ ಮೈ ಹರಿಸುತ್ತದೆ. ಕೇಬಲ್‌ನ ಸಿಪ್ಪೆ ಎಲ್ಲೋ ಸುಲಿದು 120 ವೋಲ್ಟ್ ನೀರಿಗೆ ಸೋರಿತು ಅಂದರೆ, ಸುತ್ತ ಈಜುತ್ತಿರುವವರ ಮೈ ಆ ಕರೆಂಟಿಗೆ ಸುಲಭದ ದಾರಿಯಾಗುತ್ತದೆ. 10 ಮಿಲಿಆಂಪ್ ದಾಟಿದರೆ ಸಾಕು, ಕೈಕಾಲು ಹಿಡಿದುಕೊಳ್ಳುತ್ತದೆ. ಈಜು ಬಲ್ಲವರೂ ಸದ್ದಿಲ್ಲದೆ ಮುಳುಗುತ್ತಾರೆ. ಕಾಪಾಡಲು ನೀರಿಗೆ ಹಾರಿದವರಿಗೂ ಅದೇ ಗತಿ. ನೀರು ನೋಡಲು ಮಾಮೂಲಾಗೇ ಇರುತ್ತದೆ. ಸಮುದ್ರಕ್ಕಿಂತ ಕೆರೆಯಲ್ಲಿ ಈ ಅಪಾಯ ಜಾಸ್ತಿ.

ದಡಕ್ಕೆ 120 ವೋಲ್ಟ್ ಬೇಕೇ ಬೇಕು ಅನ್ನುವವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಡಾಕ್‌ಗಳಿಗೆಂದೇ ಇರುವ ನಿಯಮದ ಪ್ರಕಾರ, ಸೋರಿಕೆ ಕಂಡ ಕೂಡಲೇ ಕಡಿದು ಹಾಕುವ ಬ್ರೇಕರ್ ಸಮೇತ ಮಾಡಿಸಬೇಕು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ನಿಯಮಾವಳಿಯಲ್ಲಿ 555ನೇ ವಿಭಾಗ ಇದಕ್ಕೆಂದೇ ಇದೆ. ದಡ ಅಗೆಯಲು ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ಅನುಮತಿಯೂ ಬೇಕಾಗಬಹುದು. 24 ವೋಲ್ಟ್ ಬ್ಯಾಟರಿಯನ್ನು ನಾನು ಇಷ್ಟಪಡುವುದು ಲೈನ್ ಇಲ್ಲ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ. ಲೈನ್ ಇದ್ದಿದ್ದರೂ, ಮಕ್ಕಳು ಈಜುವ ಜಾಗದಲ್ಲಿ ನಾನು ಅದನ್ನೇ ಹಾಕುತ್ತಿದ್ದೆ.

ಫ್ಯೂಸ್ ಎಲ್ಲಿ ಹಾಕಬೇಕು?

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ. ವೋಲ್ಟ್ ಕಡಿಮೆ ಅಂತ ಸಸಾರ ಮಾಡಬೇಡಿ. ತಂತಿ ಶಾರ್ಟ್ ಆದರೆ ಡೀಪ್ ಸೈಕಲ್ ಬ್ಯಾಟರಿ ಸಾವಿರ ಆಂಪ್‌ಗಿಂತ ಹೆಚ್ಚು ಕೊಡಬಲ್ಲದು, ತಂತಿ ಕೆಂಪಗೆ ಕಾದು ಡಾಕ್‌ನ ಮರಕ್ಕೆ ಬೆಂಕಿ ಹಿಡಿಯುತ್ತದೆ. ಮೋಟಾರ್ ಕಂಪನಿ ಹೇಳಿದ ಆಂಪ್‌ನ ಫ್ಯೂಸನ್ನೇ ಹಾಕಿ. ಬ್ಯಾಟರಿ ಪೆಟ್ಟಿಗೆಗೆ ಗಾಳಿ ಆಡುವ ಕಿಂಡಿ ಇರಲಿ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದು.

ಕೈಚಕ್ರದಿಂದಲೇ ಎತ್ತಿದರೆ ಏನಾಗುತ್ತದೆ? ಡ್ರಿಲ್ ಹಾಕಿ ತಿರುಗಿಸುವವರನ್ನೂ ನೋಡಿದ್ದೇನೆ.

ಚಕ್ರದಿಂದ ಎತ್ತುವುದು ಒಳ್ಳೆಯದೇ, ಲಿಫ್ಟ್ ಹುಟ್ಟಿದ್ದೇ ಹಾಗೆ. ಹಗುರ ದೋಣಿ, ಗಟ್ಟಿ ತೋಳು ಇದ್ದರೆ ಮೋಟಾರ್ ಗೋಜೇ ಬೇಡ. ಇಳಿಸುವಾಗ ಮಾತ್ರ ಜೋಪಾನ. ಬ್ರೇಕ್ ಸರಿಯಿಲ್ಲದ ವಿಂಚ್‌ನಲ್ಲಿ ಕೈ ಜಾರಿದರೆ ಚಕ್ರ ಗಿರ್ರನೆ ತಿರುಗಿ ಮೂಳೆ ಮುರಿಯುತ್ತದೆ. ತಿರುಗುವ ಚಕ್ರವನ್ನು ಹಿಡಿಯಲು ಹೋಗಬೇಡಿ, ದೋಣಿ ಹೋದರೆ ಹೋಗಲಿ.

ಡ್ರಿಲ್ ವಿಷಯ. 18 ವೋಲ್ಟ್, 5 ಆಂಪ್ ಅವರ್ ಬ್ಯಾಟರಿಯಲ್ಲಿ 90 ವ್ಯಾಟ್ ಅವರ್ ಇರುತ್ತದೆ. ಮೇಲಿನ ಲೆಕ್ಕ ನೋಡಿ, ಮೂರು ನಾಲ್ಕು ಸಲ ಎತ್ತಲು ಸಾಕು. ಆದರೆ ಮನೆಯ ಡ್ರಿಲ್ ಎರಡು ನಿಮಿಷ ಪೂರ್ತಿ ಭಾರ ಎಳೆಯಲು ಮಾಡಿದ್ದಲ್ಲ, ಸುಡುತ್ತದೆ. ಸಿಕ್ಕಿಕೊಂಡರೆ ಮಣಿಕಟ್ಟು ತಿರುಚುತ್ತದೆ. ಲಿಫ್ಟ್ ಕಂಪನಿಯವರೇ ಡ್ರಿಲ್‌ಗೆಂದು ಅಡಾಪ್ಟರ್ ಕೊಟ್ಟಿದ್ದರೆ ಬಳಸಿ, ಇಲ್ಲದಿದ್ದರೆ ಬಿಡಿ.

ದೋಣಿಯ ತೂಕ ಹೇಗೆ ಲೆಕ್ಕ ಹಾಕೋದು?

ಕಂಪನಿಯ ಪುಸ್ತಕದಲ್ಲಿ ಇರುವುದು ಒಣ ತೂಕ. ಎಷ್ಟೋ ಸಲ ಎಂಜಿನ್ ಕೂಡ ಅದರಲ್ಲಿ ಸೇರಿರುವುದಿಲ್ಲ. ಎಂಜಿನ್ ಸೇರಿಸಿ. ಪೆಟ್ರೋಲ್ ಒಂದು ಗ್ಯಾಲನ್‌ಗೆ 6 ಪೌಂಡ್, 30 ಗ್ಯಾಲನ್ ಟ್ಯಾಂಕ್ ತುಂಬಿದರೆ 180 ಪೌಂಡ್. ಬ್ಯಾಟರಿ, ಲಂಗರು, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಸೇರಿಸಿ. ಬಂದ ಮೊತ್ತಕ್ಕಿಂತ ಒಂದಿಷ್ಟು ಜಾಸ್ತಿ ತಡೆಯುವ ಲಿಫ್ಟ್ ಇರಬೇಕು.

ಎಲ್ಲರೂ ಮರೆಯುವುದು ಮಳೆ ನೀರು. ಒಂದು ಚದರ ಅಡಿ ಜಾಗದಲ್ಲಿ 1 ಇಂಚು ನೀರು ನಿಂತರೆ 5.2 ಪೌಂಡ್. ದೋಣಿಯ ಒಳಗೆ 100 ಚದರ ಅಡಿ ಬಯಲಿದ್ದರೆ 1 ಇಂಚು ಮಳೆಗೆ 520 ಪೌಂಡ್ ಏರುತ್ತದೆ. ರಾತ್ರಿ ಗುಡುಗು ಮಳೆಯಲ್ಲಿ 2 ಇಂಚು ಬಿದ್ದರೆ? ಬೆಳಗ್ಗೆ ಲಿಫ್ಟ್ ಮೇಲೆ ಅರ್ಧ ಟನ್ ಹೆಚ್ಚಾಗಿರುತ್ತದೆ. ದೋಣಿ ಮೇಲೆ ಎತ್ತಿದ ಕೂಡಲೇ ತಳದ ಬಿರಡೆ ತೆಗೆದಿಡಿ. ನೀರಿಗೆ ಇಳಿಸುವ ಮುಂಚೆ ವಾಪಸ್ ಹಾಕಲೇಬೇಕು. ಬಿರಡೆಯನ್ನು ದೋಣಿಯ ಕೀ ಜೊತೆ ಒಂದೇ ಗೊಂಚಲಿಗೆ ಕಟ್ಟಿಡುವುದು ನಮ್ಮ ಮನೆಯ ಪದ್ಧತಿ.

ಮೋಟಾರ್ ತಾನಾಗೇ ನಿಲ್ಲುತ್ತದಾ?

ಬಹಳಷ್ಟು ನಿಲ್ಲುವುದಿಲ್ಲ. ತುದಿ ಮುಟ್ಟಿದ ಮೇಲೂ ತಿರುಗಿದರೆ ಕೇಬಲ್ ಹರಿಯುತ್ತದೆ ಅಥವಾ ಚೌಕಟ್ಟು ಬಾಗುತ್ತದೆ. ಗುಂಡಿ ಒತ್ತಿ ಬೇರೆ ಕಡೆ ಹೋಗಬೇಡಿ. ಮೇಲೆ ನಿಲ್ಲಬೇಕಾದ ಕಡೆ ಕಂಬಕ್ಕೆ ಬಣ್ಣದ ಟೇಪ್ ಸುತ್ತಿದರೆ ಮನೆಯವರಿಗೆಲ್ಲ ಗುರುತು ಸಿಗುತ್ತದೆ. ಯಾರಾದರೂ ದೋಣಿಯೊಳಗೆ ಕೂತಿರುವಾಗ ಎತ್ತಬೇಡಿ. ಮಕ್ಕಳನ್ನು ಕೆಳಗೆ ಈಜಲು ಬಿಡಬೇಡಿ.

ಬ್ಯಾಟರಿ ಖಾಲಿಯಾಗಿ ದೋಣಿ ಮೇಲೇ ಉಳಿದರೆ?

ಮೊದಲು ಎರಡೂ ತುದಿಯ ಬಿಗಿ ನೋಡಿ. ಸಡಿಲವಾದ, ಹಸಿರು ಹಿಡಿದ ತುದಿಯೇ ಎಷ್ಟೋ ಸಲ ಕಾರಣ. ಮೀಟರ್ ಇದ್ದರೆ ಅಳೆಯಿರಿ: 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ 12.7, ಅರ್ಧಕ್ಕೆ ಬಂದಿದ್ದರೆ 12.2 ತೋರಿಸುತ್ತದೆ. ನಿಜವಾಗಿ ಖಾಲಿಯಾಗಿದ್ದರೆ ಬಿಸಿಲಿರುವ ದಿನ ಸುಮ್ನೆ ಕಾಯಿರಿ. ಬೇಕಿರುವುದು 20 ವ್ಯಾಟ್ ಅವರ್ ತಾನೆ, 40 ವ್ಯಾಟ್ ಪ್ಯಾನೆಲ್ ಒಂದು ಹಗಲಲ್ಲೇ ಅದನ್ನು ಕೊಡುತ್ತದೆ. ಕಾಯಲು ಆಗದಿದ್ದರೆ ಮೋಟಾರ್ ಬಿಚ್ಚಿ ಹಳೆಯ ಕೈಚಕ್ರ ಹಾಕಿ. ಮೋಟಾರ್ ಹಾಕಿಸುವಾಗ ಆ ಚಕ್ರವನ್ನು ಯಾರಿಗೂ ಕೊಡಬೇಡಿ, ಶೆಡ್ಡಿನಲ್ಲಿ ಇಟ್ಟಿರಿ.

ಚಳಿಗಾಲಕ್ಕೆ ಏನು ಮಾಡಬೇಕು?

ಲಿಫ್ಟ್, ಡಾಕ್ ಎರಡನ್ನೂ ಕೆರೆ ಹೆಪ್ಪುಗಟ್ಟುವ ಮುಂಚೆ ದಡಕ್ಕೆ ಎಳೆಸಬೇಕು. ಹಿಮದ ಹಾಸು ಹಿಗ್ಗಿ, ವಸಂತದಲ್ಲಿ ಗಾಳಿಗೆ ಸರಿದು, ಅಲ್ಯೂಮಿನಿಯಂ ಕಾಲುಗಳನ್ನು ಬಾಗಿಸಿಬಿಡುತ್ತದೆ.

ಬ್ಯಾಟರಿ ಮನೆಗೆ ಬರಲಿ. ಪೂರ್ತಿ ತುಂಬಿದ ಲೆಡ್ ಆಸಿಡ್ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 10 ಡಿಗ್ರಿಗೆಲ್ಲ ಹೆಪ್ಪುಗಟ್ಟಿ ಒಡೆಯುತ್ತದೆ. ಮೈನಸ್ 30 ಕಾಣುವ ಊರಿದು. ನೆಲಮಾಳಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಅರೆಬರೆ ತುಂಬಿದ ಬ್ಯಾಟರಿಯನ್ನು ಆರು ತಿಂಗಳು ಹಾಗೇ ಬಿಟ್ಟರೆ ಒಳಗಿನ ಸೀಸದ ತಟ್ಟೆಗೆ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಅದು ಮೊದಲಿನಂತಾಗುವುದಿಲ್ಲ.

ಕರಾವಳಿಯಲ್ಲಿ, ಕುಂದಾಪುರದ ಕಡೆ ನಮ್ಮ ಮನೆ ಹೊಳೆ ಪಕ್ಕದಲ್ಲೇ ಇದೆ. ಅಲ್ಲೂ ಇದನ್ನು ಮಾಡಬಹುದಾ?

ಲೆಕ್ಕ ಅದೇ, ಪರಿಸ್ಥಿತಿ ಬೇರೆ. ಅಲ್ಲಿ ಹೊಳೆಯ ನೀರು ಉಪ್ಪು, ಭರತ ಇಳಿತಕ್ಕೆ ನೀರಿನ ಮಟ್ಟ ದಿನಾ ಏರಿಳಿಯುತ್ತದೆ. ಹಾಗಾಗಿ ಕಾಲಿನ ಲಿಫ್ಟ್‌ಗಿಂತ, ದಡದ ಇಳಿಜಾರಿನಲ್ಲಿ ಹಳಿ ಅಥವಾ ಉರುಳೆ ಹಾಕಿ ವಿಂಚ್‌ನಿಂದ ದೋಣಿ ಎಳೆಯುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ತಂತಿ ತವರದ ಲೇಪ ಇರುವ ತಾಮ್ರದ್ದೇ ಆಗಬೇಕು, ಬೋಲ್ಟ್‌ಗಳು ಸ್ಟೇನ್‌ಲೆಸ್. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ. ಪ್ಯಾನೆಲ್ ಓರೆ 15 ಡಿಗ್ರಿ ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಕಡಿಮೆ, ಆದ್ದರಿಂದ ಪ್ಯಾನೆಲ್ ಎರಡು ಪಟ್ಟು ದೊಡ್ಡದು ಹಾಕಿ. ಸಮಾಧಾನದ ವಿಷಯ ಅಂದರೆ ಆ ತಿಂಗಳುಗಳಲ್ಲಿ ದೋಣಿ ಹೆಚ್ಚಾಗಿ ಮೇಲೇ ಇರುತ್ತದೆ. ಯಾಂತ್ರಿಕ ದೋಣಿಗಳಿಗಂತೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಲಿಫ್ಟ್ ತಗೊಳ್ಳಬಹುದಾ?

ಖಂಡಿತ. ಚೌಕಟ್ಟು ಬಹಳ ವರ್ಷ ಬಾಳುತ್ತದೆ. ಕೇಬಲ್‌ನಲ್ಲಿ ಎಳೆ ಕಿತ್ತಿದೆಯಾ, ರಾಟೆ ಸಲೀಸಾಗಿ ತಿರುಗುತ್ತದಾ, ವಿಂಚ್ ಬ್ರೇಕ್ ಹಿಡಿಯುತ್ತದಾ ನೋಡಿ. ಕೇಬಲ್ ಬಗ್ಗೆ ಅನುಮಾನ ಬಂದರೆ ಹೊಸದು ಹಾಕಿಸಿ, ಅದರಲ್ಲಿ ಉಳಿತಾಯ ಬೇಡ.

ಮಿನೆಸೋಟಾದಲ್ಲಿ ಒಂದು ಕಾನೂನು ಇದೆ. ಒಂದು ಕೆರೆಯಲ್ಲಿದ್ದ ಲಿಫ್ಟ್ ಅಥವಾ ಡಾಕನ್ನು ಇನ್ನೊಂದು ಕೆರೆಗೆ ಹಾಕುವ ಮುಂಚೆ 21 ದಿನ ನೀರಿನಿಂದ ಹೊರಗೆ ಒಣಗಿಸಬೇಕು. ಜೀಬ್ರಾ ಮಸಲ್‌ನಂಥವು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲಿ ಅಂತ. ಮಾರುವವರು ನಿನ್ನೆ ತಾನೇ ನೀರಿನಿಂದ ತೆಗೆದೆ ಅಂದರೆ ಇಂದೇ ನಿಮ್ಮ ಕೆರೆಗೆ ಇಳಿಸುವಂತಿಲ್ಲ. ಏಪ್ರಿಲ್‌ನಲ್ಲಿ ಕೊಂಡರೆ ಒಳ್ಳೆಯದು, ಚಳಿಗಾಲವಿಡೀ ದಡದಲ್ಲಿದ್ದು ಒಣಗಿರುತ್ತದೆ. ಆ ಹೊತ್ತಿಗೆ ನಿಮ್ಮ ಬ್ಯಾಟರಿ, ತಂತಿ, ಪ್ಯಾನೆಲ್ ತಂದಿಟ್ಟುಕೊಂಡಿದ್ದರೆ ಕೆರೆಯ ಹಿಮ ಕರಗಿದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕೂರಿಸಬಹುದು.